ಇನ್ವರ್ಟರ್ ಬ್ಯಾಟರಿ ಮೀಟರ್, ಮೂರನೇ ವಾರ: ಝೀನರ್ ಕೈ ಕೊಟ್ಟಿತು

ಬ್ಯಾಟರಿಯಲ್ಲಿ ಎಷ್ಟು ವೋಲ್ಟ್ ಇದೆ ಅಂತ ಫೋನಿನಲ್ಲೇ ನೋಡೋಣ ಎಂದು ಇಎಸ್‌ಪಿ32 ಎಂಬ ಪುಟ್ಟ ವೈಫೈ ಕಂಪ್ಯೂಟರ್ ಬೋರ್ಡ್‌ನಲ್ಲಿ ಮೀಟರ್ ಮಾಡುತ್ತಿದ್ದೇನಲ್ಲ, ಅದು ಈ ವಾರ ಸುಳ್ಳು ಹೇಳಲು ಶುರು ಮಾಡಿತು. ಮಲ್ಟಿಮೀಟರ್‌ನಲ್ಲಿ 12.6 ವೋಲ್ಟ್, ಬೋರ್ಡ್‌ನಲ್ಲಿ 9.7. ಚಾರ್ಜಿಂಗ್‌ಗೆ ಹಾಕಿ 13.8 ಆದಾಗಲೂ ಬೋರ್ಡ್ 10ರ ಆಸುಪಾಸಿನಲ್ಲೇ ಕೂತಿತ್ತು.

ಮೊದಲು ಕೋಡ್ ಮೇಲೆ ಅನುಮಾನ ಬಂತು. ಒಂದು ಸಂಜೆ ಸುಮ್ನೆ ಹಾಳಾಯಿತು.

ವೋಲ್ಟೇಜ್ ತಗ್ಗಿಸಿ ಬೋರ್ಡ್‌ಗೆ ಕೊಡಲು ಬ್ಯಾಟರಿಯಿಂದ ಬೋರ್ಡ್‌ನ ಅಳೆಯುವ ಪಿನ್‌ಗೆ 47 ಕೆ (ಕಿಲೋಓಮ್) ರೆಸಿಸ್ಟರ್, ಅಲ್ಲಿಂದ ಗ್ರೌಂಡ್‌ಗೆ 10 ಕೆ. 12.6ಕ್ಕೆ ಪಿನ್‌ನಲ್ಲಿ 2.21 ವೋಲ್ಟ್ ಬರಬೇಕು. ಇದ್ದದ್ದು 1.7. ಪಿನ್ ಸುಡದಿರಲಿ ಎಂದು ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ತಂದ 3.3 ವೋಲ್ಟ್ ಝೀನರ್ (ವೋಲ್ಟೇಜ್ ಮಿತಿ ದಾಟಿದರೆ ಹೆಚ್ಚಿನ ಕರೆಂಟನ್ನು ಗ್ರೌಂಡ್‌ಗೆ ಹರಿಸುವ ಡಯೋಡ್), 1ಎನ್4728ಎ, ಪಿನ್‌ಗೂ ಗ್ರೌಂಡ್‌ಗೂ ನಡುವೆ ಹಾಕಿದ್ದೆ. ಅದನ್ನು ಕಿತ್ತ ತಕ್ಷಣ 2.2 ಬಂತು. 3.3 ದಾಟುವವರೆಗೆ ಝೀನರ್ ಬಾಯಿ ಮುಚ್ಚಿಕೊಂಡು ಇರುತ್ತದೆ ಅಂತ ನಂಬಿದ್ದೆ, ನೋಡಿ.

ಡೇಟಾಶೀಟ್ ತೆಗೆದರೆ ಉತ್ತರ ಅಲ್ಲೇ ಇದೆ. ಆ 3.3 ಎನ್ನುವುದು 76 ಮಿಲಿಆಂಪ್ ಹರಿಯುವಾಗಿನ ಲೆಕ್ಕ, ನನ್ನ ಸರ್ಕ್ಯೂಟ್‌ನಲ್ಲಿ ಝೀನರ್ ಮೂಲಕ ಹರಿಯುತ್ತಿದ್ದದ್ದು ಸುಮಾರು 60 ಮೈಕ್ರೋಆಂಪ್. ಅಷ್ಟು ಚಿಕ್ಕ ಕರೆಂಟನ್ನು ಅದು 3.3ಕ್ಕಿಂತ ಎಷ್ಟೋ ಮೊದಲೇ ಬಿಟ್ಟುಬಿಡುತ್ತದೆ, ಪಿನ್‌ನ ವೋಲ್ಟೇಜ್ ಇಳಿಯುತ್ತದೆ. ನಂಬಿಕೆ ಬರಲಿ ಅಂತ 12 ವೋಲ್ಟ್ ಸಪ್ಲೈಗೆ ಝೀನರನ್ನು ತಿರುಗಿಸಿ ಹಾಕಿ ರೆಸಿಸ್ಟರ್ ಬದಲಿಸುತ್ತಾ ಅಳೆದೆ: 150 ಓಮ್‌ಗೆ 3.2 ವೋಲ್ಟ್ (ರೆಸಿಸ್ಟರ್ ಮುಟ್ಟಲಾಗದಷ್ಟು ಬಿಸಿ, ಬೆರಳು ಚುರ್ರೆಂದಿತು), 1 ಕೆಗೆ 2.6, 100 ಕೆಗೆ ಬರೀ 1.8. ಅದೇ 100 ಕೆಗೆ 9.1 ವೋಲ್ಟ್‌ನ ಝೀನರ್ ಹಾಕಿದರೆ 9ರ ಹತ್ತಿರವೇ ಗಟ್ಟಿಯಾಗಿ ನಿಂತಿತು.

ಯಾಕೆ ಈ ವ್ಯತ್ಯಾಸ? ಕಡಿಮೆ ವೋಲ್ಟ್‌ನ ಝೀನರ್‌ನಲ್ಲಿ ಡೋಪಿಂಗ್ (ಸಿಲಿಕಾನ್‌ಗೆ ಬೆರೆಸುವ ಬೇರೆ ಧಾತು) ತುಂಬಾ ಜಾಸ್ತಿ, ಹಾಗಾಗಿ ಜಂಕ್ಷನ್ (ಡಯೋಡ್‌ನ ಎರಡು ಭಾಗ ಸೇರುವ ಗಡಿ) ತೀರಾ ತೆಳು, ಎಲೆಕ್ಟ್ರಾನ್‌ಗಳು ಅದರೊಳಗಿಂದ ನುಸುಳಿಕೊಂಡೇ ದಾಟುತ್ತವೆ. ಈ ನುಸುಳಾಟ ಒಂದು ವೋಲ್ಟೇಜ್‌ಗೆ ಕಾದು ಕೂರುವುದಿಲ್ಲ, ಮೊದಲೇ ಚೂರುಚೂರಾಗಿ ಶುರುವಾಗುತ್ತದೆ. 5–6 ವೋಲ್ಟ್ ದಾಟಿದ ಡಯೋಡ್‌ಗಳಲ್ಲಿ ಕೆಲಸ ಮಾಡುವುದು ಅವಲಾಂಚ್: ವೇಗ ಹಿಡಿದ ಒಂದು ಎಲೆಕ್ಟ್ರಾನ್ ಇನ್ನೊಂದನ್ನು ಕೆಡವಿ, ಅದು ಮತ್ತೊಂದನ್ನು ಕೆಡವಿ, ಕರೆಂಟ್ ದಿಢೀರನೆ ಏರುತ್ತದೆ. ಎರಡಕ್ಕೂ ಅಂಗಡಿಯಲ್ಲಿ ಝೀನರ್ ಅಂತಲೇ ಹೆಸರು, ನಾವು ಮೋಸ ಹೋಗದೆ ಇನ್ನೇನು?

ಈಗ ಪಿನ್‌ನಿಂದ 3.3 ವೋಲ್ಟ್ ಲೈನಿಗೆ ಬಿಎಟಿ85 ಶಾಟ್ಕಿ ಡಯೋಡ್ ಹಾಕಿದ್ದೇನೆ, ಪಿನ್‌ನ ವೋಲ್ಟೇಜ್ 3.3 ಮೀರಿದರೆ ಹೆಚ್ಚಿನ ಕರೆಂಟ್ ಆ ಲೈನಿಗೆ ಹರಿದು ಹೋಗುತ್ತದೆ. 40 ವೋಲ್ಟ್ ನುಗ್ಗಿದರೂ 47 ಕೆ ದಾಟಿ ಬರುವುದು 1 ಮಿಲಿಆಂಪ್‌ಗಿಂತ ಕಡಿಮೆ, ಅದಕ್ಕೆ ಇಷ್ಟು ಸಾಕು. ಬೋರ್ಡ್ ಈಗ 12.5 ತೋರಿಸುತ್ತಿದೆ, ಮಲ್ಟಿಮೀಟರ್ 12.6. ಉಳಿದ 0.1 ಮುಂದಿನ ಭಾನುವಾರ ನೋಡುತ್ತೇನೆ.