ಲಂಡನ್ನಲ್ಲಿ ಒಬ್ಬ ಆರ್ಕಿಟೆಕ್ಟ್ ತನಗೆ ತಾನೇ ಕಟ್ಕೊಂಡ ಮನೆ

ಲಂಡನ್ನಿಗೆ ಬಂದವ್ರೆಲ್ಲ ಬ್ರಿಟಿಷ್ ಮ್ಯೂಸಿಯಂಗೆ ಓಡ್ತಾರೆ, ಅಲ್ಲಿಂದ ಸ್ವಲ್ಪ ನಡೆದ್ರೆ ಲಿಂಕನ್ಸ್ ಇನ್ ಫೀಲ್ಡ್ಸ್ ಅನ್ನೋ ಚೌಕದಲ್ಲಿ ಸರ್ ಜಾನ್ ಸೋನ್ ಮನೆ ಇದೆ, ಅದೂ ಫ್ರೀ, ನಮ್ಮೋರು ಅಲ್ಲಿಗೆ ಹೋಗಿದ್ದು ಕೇಳಿದ್ದೇ ಕಮ್ಮಿ.

ಸೋನ್ ಗಾರೆ ಕೆಲಸದವನ ಮಗ, 1753ರಲ್ಲಿ ಹುಟ್ಟಿದ್ದು, ಬೆಳೀತಾ ಬೆಳೀತಾ ಬ್ಯಾಂಕ್ ಆಫ್ ಇಂಗ್ಲೆಂಡಿಗೇ ಆರ್ಕಿಟೆಕ್ಟ್ ಆದ. 1792ರಲ್ಲಿ ನಂಬರ್ 12 ತಗೊಂಡು ಕೆಡವಿ ಕಟ್ಟಿಸ್ದ, ಆಮೇಲೆ ಪಕ್ಕದ 13, ಅದೂ ಸಾಲ್ದೇ 14. ಇಂಥ ಸಾಲುಮನೆಗಳ ತಾಪತ್ರಯ ಏನಂದ್ರೆ ಎಡಬಲ ಎರಡೂ ಗೋಡೆ ಅಕ್ಕಪಕ್ಕದವ್ರಿಗೆ ಅಂಟ್ಕೊಂಡಿರತ್ತೆ, ಕಿಟಕಿ ಇಡೋಕೆ ಮುಂದೆ ಹಿಂದೆ ಅಷ್ಟೇ ಜಾಗ, ನಡುಮನೆ ಪೂರ್ತಿ ಕತ್ತಲು. ನಮ್ಮ ತೊಟ್ಟಿಮನೆ ಥರ ಮಧ್ಯದಲ್ಲಿ ಬಯಲು ಬಿಡೋಣ ಅಂದ್ರೆ ಆ ಚಳಿಗೆ ಆಗೋ ಮಾತಲ್ಲ, ಹಾಗಾಗಿ ಈತ ಮಾಳಿಗೆಗೆ ಗಾಜು ಕೂರಿಸಿ ಬೆಳಕನ್ನ ಮೇಲಿಂದ್ಲೇ ಇಳಿಸ್ದ.

13ರ ತಿಂಡಿ ರೂಮಿಗೆ ಹೋದ್ರೆ ಇದು ಗೊತ್ತಾಗತ್ತೆ. ಪುಟ್ಟ ರೂಮು, ತಲೆ ಮೇಲೆ ತಗ್ಗಾದ ಗುಮ್ಮಟ, ಆದ್ರೆ ಅದು ಎರಡು ಕಡೆ ಗೋಡೆವರೆಗೂ ಹೋಗೋದೇ ಇಲ್ಲ, ಅಲ್ಲಿ ಬಿಟ್ಟಿರೋ ಸಂದಿಯಿಂದ ಬೆಳಕು ಸೀದಾ ಗೋಡೆ ಮೇಲೆ ಬೀಳತ್ತೆ, ಎಲ್ಲಿಂದ ಬಂತು ಅಂತ ಕಾಣಲ್ಲ. ಗುಮ್ಮಟದ ಮೂಲೆಮೂಲೆಗೂ ಉಬ್ಬುಗನ್ನಡಿ, ಎಲ್ಲದ್ರಲ್ಲೂ ಬೆರಳ ತುದಿಯಷ್ಟು ನಾವೇ! ಕೆಲವು ಕಡೆ ಗಾಜೇ ಹಳದಿ, ಹೊರಗೆ ಮೋಡ ಕವಿದಿದ್ರೂ ಒಳಗೆ ಬಿಸಿಲಿದೆ ಅನ್ಸತ್ತೆ. ಎಂಥಾ ಕಿಲಾಡಿ ನೋಡಿ.

ಮುಂಭಾಗದಲ್ಲಿ ಬಿಳಿಕಲ್ಲಿನ ಗೋಡೆ ಉಳಿದ ಮನೆಗಳಿಗಿಂತ ಮುಂದಕ್ಕೆ ಬಂದಿದೆ, ರೂಲ್ಸ್ ಮೀರಿದ್ದೀಯಾ ಅಂತ 1812ರಲ್ಲಿ ಸರ್ವೇಯರ್ ಕೇಸೇ ಹಾಕ್ದ, ಗೆದ್ದಿದ್ದು ಸೋನ್. ನೆಲಮಾಳಿಗೆಯಲ್ಲಿ ಈಜಿಪ್ಟಿನ ದೊರೆ ಒಂದನೇ ಸೇಟಿಯ ಕಲ್ಲಿನ ಶವಪೆಟ್ಟಿಗೆ ಇದೆ, ಬ್ರಿಟಿಷ್ ಮ್ಯೂಸಿಯಂನೋರು ರೇಟ್ ಜಾಸ್ತಿ ಅಂತ ಬಿಟ್ಟಿದ್ದನ್ನ ಈತ 1824ರಲ್ಲಿ 2000 ಪೌಂಡ್ ಕೊಟ್ಟು ತಂದು, ಮಾರನೇ ವರ್ಷ ಅದನ್ನ ತೋರ್ಸೋಕೆ ಮೂರು ರಾತ್ರಿ ಪಾರ್ಟಿ ಬೇರೆ ಮಾಡ್ದ.

ಇಷ್ಟೆಲ್ಲ ಉಳ್ಕೊಂಡಿದ್ದಕ್ಕೆ ಮನೆಜಗಳಾನೂ ಒಂದು ಕಾರಣ. ಮಗ ಜಾರ್ಜ್ 1815ರಲ್ಲಿ ಹೆಸರು ಹಾಕ್ದೇ ಪೇಪರಲ್ಲಿ ಅಪ್ಪನ ಕಟ್ಟಡಗಳನ್ನ ಹೀನಾಮಾನ ಬೈದು ಬರೆದ, ಬರೆದಿದ್ದು ಯಾರು ಅಂತ ತಾಯಿಗೆ ಗೊತ್ತಾಯ್ತು, ಅದೇ ವರ್ಷ ಆಕೆ ತೀರ್ಕೊಂಡ್ಲು. ಸೋನ್ ಆ ಲೇಖನಗಳಿಗೆ ಫ್ರೇಮ್ ಹಾಕ್ಸಿ, ಜಾರ್ಜ್ ಕೊಟ್ಟ ಸಾವಿನ ಪೆಟ್ಟು ಅಂತ ಬರ್ಸಿ, ಮನೇಲೇ ತೂಗುಹಾಕ್ದ. 1833ರಲ್ಲಿ ಪಾರ್ಲಿಮೆಂಟಿಂದ ಕಾಯ್ದೆನೇ ಮಾಡಿಸ್ಕೊಂಡ, ನಾನು ಸತ್ತಾಗ ಹೇಗಿತ್ತೋ ಆದಷ್ಟೂ ಹಾಗೇ ಇರ್ಬೇಕು ಅಂತ. ಕಲೆ ಮೇಲಿನ ಪ್ರೀತಿ ಅರ್ಧ, ಮಗನಿಗೆ ದಕ್ಕಬಾರ್ದು ಅನ್ನೋ ಹಟ ಇನ್ನರ್ಧ ಅಂತ ನನ್ನ ಲೆಕ್ಕ.

ಹೋದ್ರೆ ಚಿತ್ರಗಳ ರೂಮಲ್ಲಿ ಸಿಬ್ಬಂದಿಯೋರು ಗೋಡೆ ಯಾವಾಗ ತೆಗೀತಾರೆ ಅಂತ ಕೇಳ್ಕೊಳಿ, ಹೌದು ಗೋಡೇನೇ, ಕಬೋರ್ಡ್ ಬಾಗಿಲ ಥರ ತೆರ್ಕೊಳತ್ತೆ, ಒಳಗೂ ಚಿತ್ರಗಳು. ಹೋಗಾರ್ತ್ ಬರೆದ ಎಂಟು ಚಿತ್ರದ ಸರಣಿ ಅಲ್ಲೇ ಇದೆ, ಅಪ್ಪನ ಆಸ್ತಿಯೆಲ್ಲ ಕರಗಿಸಿ ಕೊನೆಗೆ ಹುಚ್ಚಾಸ್ಪತ್ರೆ ಸೇರೋ ಮಗನ ಕಥೆ. ಸೋನ್ ಅದನ್ನ ತಗೊಂಡಿದ್ದು 1802ರಲ್ಲಿ, ಜಾರ್ಜ್ ಇನ್ನೂ ಹುಡುಗ ಆಗ.