ಖಜೂರದ ಗರಿ ಮ್ಯಾಲಿನ ಕರಿ ಗುಳ್ಳಿ: ಮಳಿಗಾಲದ ಅಪ್‌ಡೇಟ್

ಆಳಂದ ಕಡಿ ನಮ್ಮ ಹೊಲದಾಗ ಬೀಜದಿಂದ ಎಬ್ಬಿಸಿದ ಖಜೂರದ ಗಿಡಕ್ಕ ಚುಕ್ಕಿ ಬಿದ್ದಾವಂತ ಹಿಂದ ಬರ್ದಿದ್ದೆ, ಈಗ ಪಕ್ಕಾ ಆಗ್ಯದ, ಗ್ರಾಫಿಯೋಲ ಎಲೆಚುಕ್ಕಿ ರೋಗ. ಗ್ರಾಫಿಯೋಲ ಫೀನಿಸಿಸ್ ಅನ್ನೋ ಫಂಗಸ್‌ದಿಂದ ಬರ್ತದ, ಹಳ್ಳದ ದಂಡಿಗಿರೋ ಈಚಲ ಗಿಡಕ್ಕೂ ಇದೇ ಹತ್ತತದ, ಅದಕ್ಕ ಅವನ್ನೂ ಒಮ್ಮೆ ನೋಡ್ಕೊಂಡು ಬರೋದು ಚಲೋ.

ಎಣ್ಣಿ (ಗಿಡಕ್ಕ ಹೊಡಿಯೋ ಔಷಧ) ತರೋಕ್ಕಿಂತ ಮೊದ್ಲ ಗರಿ ಮ್ಯಾಲೆ ಬೆರಳು ಆಡಿಸಿ ನೋಡ್ರಿ. ಪೊಟ್ಯಾಷ್ ಕಡಿಮಿ ಬಿದ್ರೂ ಹಳೇ ಗರಿಗೇ ಹಳದಿ ಚುಕ್ಕಿ ಬರ್ತಾವ, ಆದ್ರ ಅವು ಸಪಾಟ ಇರ್ತಾವ, ಬೆರಳಿಗೆ ಏನೂ ಹತ್ತಲ್ಲ, ಅದಕ್ಕ ಎಷ್ಟು ಎಣ್ಣಿ ಹೊಡದ್ರೂ ರೊಕ್ಕ ದಂಡ. ಈ ರೋಗದಾಗ ಎಲಿ ಎರಡೂ ಮಗ್ಗಲಿಗೆ ಕರಿ ಗಟ್ಟಿ ಗುಳ್ಳಿ ಎದ್ದು ಖರಖರ ಅಂತಾವ. ನಮ್ಮವರಾಗ ಕೆಲವು ಬಾಯಿ ಬಿಟ್ಟು ಒಳಗಿಂದ ಹಳದಿ ಎಳಿ ಹೊರಗ ಬಂದಿದ್ವು, ಮುಟ್ಟಿದ್ರ ಬೆರಳಿಗೆ ಹಳದಿ ಪುಡಿ, ಅದೇ ಬೀಜಕಣ, ಗಾಳಿಗೆ ಹಾರಿ ಮುಂದಿನ ಗರಿಗೆ ಹೋಗಿ ಕೂಡ್ತದ.

ರೋಗ ಹತ್ತಿದ ಮ್ಯಾಲೆ ಗುಳ್ಳಿ ಪೂರಾ ತಯಾರಾಗ್ಲಿಕ್ಕಿ 10–11 ತಿಂಗಳು ಬೇಕು, ಅಂದ್ರ ಈಗ ಕಾಣೋದು ಹೋದ ವರ್ಷದ ಮಳಿಗಾಲದ್ದು, ಅದಕ್ಕೇ ಹೊಸ ಗರಿ ಸ್ವಚ್ಛ ಕಾಣ್ತಾವ. ಎಣ್ಣಿ ಹೊಡದ ಮ್ಯಾಲೂ ಹಳೇ ಗುಳ್ಳಿ ಹಂಗೇ ಇರ್ತಾವ, ಹೊಡಿಯೋದು ಹೊಸ ಗರಿ ಉಳಸ್ಲಿಕ್ಕಿ.

ಭಾಳ ಗುಳ್ಳಿ ಇದ್ದ ಕೆಳಗಿನ ಗರಿ ಅಷ್ಟೇ ಕೊಯ್ದು ಬದುವಿಗೆ ಒಯ್ದು ಸುಟ್ಟೀವಿ. ಗಿಡ ಪೂರಾ ಬೋಳು ಮಾಡಬ್ಯಾಡ್ರಿ, ಹಸಿರ ಗರಿ ಕಮ್ಮಿ ಆದ್ರ ಗಿಡದ ಶಕ್ತಿನೇ ಹೋಗ್ತದ.

ಆಮ್ಯಾಲೆ ಫಂಗಸ್‌ಗೆ ಹೊಡಿಯೋ 1% ಬೋರ್ಡೋ ದ್ರಾವಣ. 100 ಗ್ರಾಂ ಮೈಲುತುತ್ತ 5 ಲೀಟರ್ ನೀರಾಗ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರ್‌ನಾಗ, ಎರಡೂ ಪ್ಲಾಸ್ಟಿಕ್ ಬಕೀಟಿನಾಗೇ ಕಲಸ್ಬೇಕು, ಮೈಲುತುತ್ತದ ನೀರು ಸುಣ್ಣದ ನೀರಿಗೆ ಸಣ್ಣಗ ಸುರಕೊಂತ ಕೋಲಿಲೆ ತಿರುವ್ತಾ ಇರ್ಬೇಕು. ಕಬ್ಬಿಣದ ಚಾಕು ಅದ್ದಿ ತಗದ್ರ ತಾಮ್ರದ ಕೆಂಪು ಹತ್ತಬಾರ್ದು, ಹತ್ತಿದ್ರ ಇನ್ನಷ್ಟು ಸುಣ್ಣ ಹಾಕ್ರಿ. ಮಾಡಿದ ದಿನಾನೇ ಹೊಡದು ಮುಗಿಸ್ಬೇಕು.

ಬಾಜೂಕಿನ ಬರ್ಹಿ ಅನ್ನೋ ತಳಿ ಖಜೂರದ ಗಿಡಕ್ಕ ಇನ್ನೂ ಒಂದೂ ಗುಳ್ಳಿ ಬಂದಿಲ್ಲ, ಆ ತಳಿ ಈ ರೋಗ ತಡ್ಕೋತದ, ಮುಂದ ಹಚ್ಚೋದಿದ್ರ ನಾ ಅದನ್ನೇ ಹಚ್ತೀನಿ.

ಈಗ ಈ ವರ್ಷ ಬಿಟ್ಟ ಗರಿಗೆಲ್ಲ ಕೆಂಪು ಹಗ್ಗ ಕಟ್ಟೀನಿ. ಮಳಿ ಹೊರಪಾದ ಕೂಡ್ಲೆ ಕಾಪರ್ ಆಕ್ಸಿಕ್ಲೋರೈಡ್ ಅನ್ನೋ ತಾಮ್ರದ ಎಣ್ಣಿ ಪುಡಿ ಲೀಟರಿಗೆ 3 ಗ್ರಾಂ ಹಾಕಿ ಇನ್ನೊಂದು ಸುತ್ತು ಹೊಡೀತೀನಿ, ಮುಂದಿನ ಮಳಿಗಾಲಕ್ಕ ಹಗ್ಗ ಕಟ್ಟಿದ ಗರಿ ಫೋಟೋ ಹಾಕ್ತೀನಿ.