ಘಾನಾದ ಕಾಡಿಗೆ ಹೊರಡುವ ಮುನ್ನ ನೀರಿನ ಲೆಕ್ಕ

ಮುಂದಿನ ಫೆಬ್ರವರಿಯ ರಜೆಗೆ ಘಾನಾವನ್ನು ಆರಿಸಿಕೊಂಡಿದ್ದೇನೆ ಎಂದೊಡನೆ ಆಪ್ತರಿಂದ ಬಂದ ಮೊದಲ ಪ್ರಶ್ನೆ, ಅಲ್ಲಿ ಸಿಂಹ ಕಾಣುತ್ತದೆಯೇ ಎಂಬುದು. ಕಾಣುವುದಿಲ್ಲವೆಂದೇ ತಿಳಿದು ಹೊರಡುವುದು ಒಳ್ಳೆಯದು. ಜಿರಾಫೆಯೂ ಇಲ್ಲ, ಜೀಬ್ರಾವೂ ಇಲ್ಲ, ಘೇಂಡಾಮೃಗವಂತೂ ಇಲ್ಲವೇ ಇಲ್ಲ. ದೇಶದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನವಾದ ಮೋಲೆಯಲ್ಲಿ ಆನೆಗಳಿವೆ, ಕೋಬ್, ರೋನ್ ಮುಂತಾದ ಹುಲ್ಲೆಗಳಿವೆ, ವಾರ್ಟ್‌ಹಾಗ್ ಹಂದಿಗಳೂ ಬಬೂನ್‌ಗಳೂ ಇವೆ. ಇವುಗಳೆಲ್ಲಕ್ಕಿಂತ ನನ್ನನ್ನು ಸೆಳೆದದ್ದು, ಕೋವಿ ಹಿಡಿದ ಅರಣ್ಯ ರಕ್ಷಕರ ಹಿಂದೆ ಕಾಲ್ನಡಿಗೆಯಲ್ಲಿಯೇ ಆನೆಗಳ ಸಮೀಪಕ್ಕೆ ಹೋಗಲು ಅಲ್ಲಿರುವ ಅವಕಾಶ.

ಸಿಂಹವೇ ಬೇಕೆನ್ನುವವರಿಗೆ ಬೆನಿನ್ ದೇಶದ ಪೆಂಜಾರಿ ಒಂದು ಕಾಲಕ್ಕೆ ಉತ್ತಮ ಆಯ್ಕೆಯಾಗಿತ್ತು. ಆದರೆ ಬುರ್ಕಿನಾ ಫಾಸೊ ಗಡಿಯ ಆ ಪ್ರದೇಶದಲ್ಲಿ ಕೆಲವು ವರ್ಷಗಳಿಂದ ಸಶಸ್ತ್ರ ಗುಂಪುಗಳ ಹಾವಳಿ ಹೆಚ್ಚಿರುವುದರಿಂದ ಅದನ್ನು ಪರಿಗಣಿಸಲೇ ಇಲ್ಲ. ಸೆನೆಗಲ್‌ನ ನಿಯೊಕೊಲೊ-ಕೋಬಾ ನನ್ನನ್ನು ಬಹಳ ದಿನ ತೂಗಾಡಿಸಿತು. 2007ರಿಂದ ಅಪಾಯದಲ್ಲಿರುವ ವಿಶ್ವಪರಂಪರೆಯ ತಾಣಗಳ ಪಟ್ಟಿಯಲ್ಲಿದ್ದ ಆ ಕಾಡು 2024ರಲ್ಲಿ ಅದರಿಂದ ಹೊರಬಂದಿದೆ. ಆದರೆ ಅಷ್ಟು ವಿಸ್ತಾರವಾದ ಕಾಡಿನಲ್ಲಿ ವಿರಳವಾಗಿರುವ ಪ್ರಾಣಿಗಳನ್ನು ಹುಡುಕಲು ಬೇಕಾದಷ್ಟು ದಿನಗಳು ನನ್ನ ಬಳಿ ಇರಲಿಲ್ಲ.

ಮೋಲೆಗೆ ಹೋಗುವವರು ವಿಮಾನದ ದರಕ್ಕಿಂತ ಮೊದಲು ಹಾಕಬೇಕಾದದ್ದು ನೀರಿನ ಲೆಕ್ಕ. ದಕ್ಷಿಣ ಘಾನಾದಲ್ಲಿ ವರ್ಷಕ್ಕೆ ಎರಡು ಮಳೆಗಾಲಗಳಿದ್ದರೆ ಉತ್ತರದಲ್ಲಿ ಒಂದೇ ಮಳೆಗಾಲ, ಸರಿಸುಮಾರು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಆ ದಿನಗಳಲ್ಲಿ ಹುಲ್ಲು ಆಳೆತ್ತರ ಬೆಳೆದು, ತೊರೆ ಹೊಂಡಗಳೆಲ್ಲ ತುಂಬಿ, ಎಲ್ಲೆಂದರಲ್ಲಿ ನೀರು ಸಿಗುವುದರಿಂದ ಸುಮಾರು 4,840 ಚದರ ಕಿಲೋಮೀಟರಿನ ಕಾಡಿನಲ್ಲಿ ಆನೆಗಳು ಎಲ್ಲಿ ಬೇಕಾದರೂ ಇರಬಹುದು. ನವೆಂಬರ್ ನಂತರ ಹುಲ್ಲು ಒಣಗಿ ತೊರೆಗಳು ಒಂದೊಂದಾಗಿ ಬತ್ತತೊಡಗುತ್ತವೆ. ಜನವರಿಯಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ, ವಸತಿಗೃಹವಿರುವ ದಿಬ್ಬದ ಕೆಳಗಿನ ಎರಡು ಕೆರೆಗಳಿಗೆ ಆನೆಗಳು ಕುಡಿಯಲು, ಮೀಯಲು ಇಳಿದು ಬರುತ್ತವೆ. ಹೀಗಾಗಿ ನಾವು ಆನೆಯನ್ನು ಹುಡುಕಿಕೊಂಡು ಅಲೆಯುವುದಕ್ಕಿಂತ ನೀರಿನ ಬಳಿ ಕಾಯುವುದೇ ಮೇಲು.

ಈ ತಿಂಗಳುಗಳಲ್ಲಿಯೂ ತೊಡಕಿಲ್ಲದೆ ಇಲ್ಲ. ಸಹಾರಾ ಕಡೆಯಿಂದ ಬೀಸುವ ಹರ್ಮಟಾನ್ ಎಂಬ ಒಣಗಾಳಿ ಡಿಸೆಂಬರ್, ಜನವರಿಗಳಲ್ಲಿ ಧೂಳನ್ನು ಹೊತ್ತು ತಂದು ಆಕಾಶವನ್ನೇ ಮಸುಕಾಗಿಸುತ್ತದೆ. ತುಟಿ ಒಡೆಯುತ್ತದೆ, ಮುಂಜಾನೆ ಚಳಿಯೆನಿಸುತ್ತದೆ, ದೂರದ ಚಿತ್ರಗಳಂತೂ ಸ್ಪಷ್ಟವಾಗಿ ಬರುವುದಿಲ್ಲ. ಮಾರ್ಚ್‌ಗೆ ಮುಂದೂಡಿದರೆ ಮಧ್ಯಾಹ್ನದ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಧೂಳಿಗೂ ಬಿಸಿಲಿಗೂ ನಡುವೆ ರಾಜಿ ಮಾಡಿಕೊಂಡು ಫೆಬ್ರವರಿಯ ಕೊನೆಯ ವಾರವನ್ನು ಗೊತ್ತುಮಾಡಿದೆ.

ನನ್ನ ಮೊದಲ ಯೋಜನೆಯನ್ನು ಈಗ ನೋಡಿದರೆ ನಗು ಬರುತ್ತದೆ. ಏಳು ದಿನಗಳಲ್ಲಿ ದಕ್ಷಿಣದ ಕಾಕುಮ್ ಮಳೆಕಾಡು, ಉತ್ತರದ ಮೋಲೆ, ವಾಯವ್ಯದಲ್ಲಿ ನೀರಾನೆಗಳಿರುವ ವೆಚಿಯಾವು ಮೂರನ್ನೂ ಮುಗಿಸುವುದೆಂದು ಬರೆದಿಟ್ಟುಕೊಂಡಿದ್ದೆ. ರಾಜಧಾನಿ ಅಕ್ರಾದಿಂದ ಉತ್ತರದ ತಮಾಲೆ ನಗರಕ್ಕೆ ರಸ್ತೆಯಲ್ಲಿ 600 ಕಿಲೋಮೀಟರಿಗೂ ಹೆಚ್ಚು ದೂರವಿದ್ದು, ಬಸ್ಸಿನಲ್ಲಿ ಪೂರ್ತಿ ಒಂದು ಹಗಲು ಅದಕ್ಕೇ ಸಲ್ಲುತ್ತದೆ. ವಿಮಾನವಾದರೆ ಒಂದು ಗಂಟೆಯ ಆಸುಪಾಸು. ತಮಾಲೆಯಿಂದ ಫುಫುಲ್ಸೊವರೆಗೆ ದಕ್ಷಿಣಕ್ಕೆ ಬಂದು, ಪಶ್ಚಿಮಕ್ಕೆ ತಿರುಗಿ, ದಮೊಂಗೊ ಮಾರ್ಗವಾಗಿ ಮೋಲೆಯ ಪಕ್ಕದ ಊರಾದ ಲರಬಂಗಾ ಸೇರಬೇಕು. ಹಿಂದೆ ಬೆನ್ನು ಮುರಿಯುತ್ತಿದ್ದ ಈ ಮಣ್ಣುದಾರಿಗೆ ಈಗ ಡಾಂಬರು ಬಿದ್ದಿದೆ. ಕಾಕುಮ್‌ನ ಮರದೆತ್ತರದ ತೂಗುಸೇತುವೆಗಳು ಸೊಗಸಾದವೇ. ಆದರೆ ಆ ದಟ್ಟ ಮಳೆಕಾಡಿನಲ್ಲಿ ದೊಡ್ಡ ಪ್ರಾಣಿಗಳು ಕಣ್ಣಿಗೆ ಬೀಳುವುದು ಅಪರೂಪವಾದ್ದರಿಂದ ಅದನ್ನು ಕೈಬಿಟ್ಟೆ.

ಹಾಗೆ ಉಳಿದ ದಿನಗಳಿಂದ ಮೋಲೆಯ ಎರಡು ರಾತ್ರಿಗಳು ಮೂರಾದವು. ಬೆಳಿಗ್ಗೆ ಒಂದು ನಡಿಗೆ, ಸಂಜೆ ಒಂದು ನಡಿಗೆ, ನಡುವೆ ಒಮ್ಮೆ ಜೀಪು. ಇದಕ್ಕಿಂತ ಹೆಚ್ಚಿನದನ್ನು ತುರುಕುವುದು ನನಗೆ ಸರಿಯೆನಿಸಲಿಲ್ಲ. ತಂಗಲು ಐಷಾರಾಮಿ ಝೈನಾ ಲಾಡ್ಜ್ ಇದ್ದರೂ ದಿಬ್ಬದಂಚಿನ ಹಳೆಯ, ಸರಳವಾದ ಮೋಲೆ ಮೋಟೆಲ್ ನನಗೆ ಹೆಚ್ಚು ಒಪ್ಪಿತು, ಏಕೆಂದರೆ ಅದರ ಅಂಗಳದಲ್ಲಿ ಕುಳಿತೇ ಕೆರೆಗಳನ್ನು ನೋಡಬಹುದು. ಬಬೂನ್‌ಗಳಿಗೂ ಆ ಅಂಗಳ ಪ್ರಿಯವಾದ್ದರಿಂದ ತಿಂಡಿಯನ್ನು ಮೇಜಿನ ಮೇಲೆ ಬಿಟ್ಟು ಏಳಬಾರದಂತೆ.

ಒಂದು ಸಂಜೆಯನ್ನು ಲರಬಂಗಾದ ಮಣ್ಣಿನ ಮಸೀದಿಗೆ ಮೀಸಲಿಟ್ಟಿದ್ದೇನೆ. ಗೋಡೆಗಳಿಂದ ಮರದ ತೊಲೆಗಳ ತುದಿಗಳು ಹೊರಚಾಚಿರುವ ಆ ಪುಟ್ಟ ಬಿಳಿ ಕಟ್ಟಡವನ್ನು 1421ರದೆಂದು ಊರಿನವರು ನಂಬುತ್ತಾರೆ. ಹಿಂದೊಮ್ಮೆ ರಕ್ಷಣೆಗೆಂದು ಬಳಿದ ಸಿಮೆಂಟು ಒಳಗೆ ತೇವವನ್ನು ಹಿಡಿದಿಟ್ಟು ಅದಕ್ಕೇ ಮುಳುವಾಯಿತು. ಕೊನೆಗೆ ಅದನ್ನು ಕಿತ್ತು ಮತ್ತೆ ಮಣ್ಣನ್ನೇ ಮೆತ್ತಬೇಕಾಯಿತು. ಮುಸ್ಲಿಮರಲ್ಲದವರು ಹೊರಗಿನಿಂದಲೇ ನೋಡಬೇಕು.

ಇನ್ನು ಆರೋಗ್ಯದ ವಿಷಯ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರವಿಲ್ಲದೆ ಘಾನಾಕ್ಕೆ ಪ್ರವೇಶವಿಲ್ಲ, ಮತ್ತು ಆ ಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ. ಮಲೇರಿಯಾ ಮಾತ್ರೆಗಳ ಬಗ್ಗೆ ವೈದ್ಯರನ್ನು ಮೊದಲೇ ಕಾಣಬೇಕು. ಕಚ್ಚಿ ರಕ್ತ ಹೀರುವ ಸೆಟ್ಸಿ ನೊಣಗಳಿಗೆ ಕಡುನೀಲಿ ಬಣ್ಣ ಬಹು ಇಷ್ಟವೆಂದು ತಿಳಿದ ಮೇಲೆ ನನ್ನ ಎರಡೂ ಜೀನ್ಸ್‌ಗಳು ಪೆಟ್ಟಿಗೆಯಿಂದ ಹೊರಬಂದು ಮಾಸಲು ಬಣ್ಣದ ಹತ್ತಿಯ ಷರಾಯಿಗಳು ಒಳಗೆ ಹೋದವು. ನಡಿಗೆಗೆ ಪಾದ ಮುಚ್ಚುವ ಬೂಟು ಬೇಕೇ ಬೇಕು. ಘಾನಾದ ಹಣವಾದ ಸೆಡಿಯ ನೋಟುಗಳನ್ನು ತಮಾಲೆಯಲ್ಲೇ ತೆಗೆದಿಟ್ಟುಕೊಳ್ಳುವೆ.

ಇತ್ಯರ್ಥವಾಗದೆ ಉಳಿದಿರುವುದು ವೆಚಿಯಾವು ಒಂದೇ. ಕಪ್ಪು ವೋಲ್ಟಾ ನದಿಯಲ್ಲಿ ಊರಿನವರೇ ಸೇರಿ ಕಾಪಾಡಿಕೊಂಡು ಬಂದಿರುವ ನೀರಾನೆಗಳ ತಾಣವದು. ನದಿಯ ನೀರು ಇಳಿದ ಈ ಋತುವಿನಲ್ಲೇ ಅವು ದೋಣಿಯಿಂದ ಚೆನ್ನಾಗಿ ಕಾಣುವುದು. ಆದರೆ ಅಲ್ಲಿಗೆ ಹೋಗಲು ಮೊದಲು ವಾ ಪಟ್ಟಣದವರೆಗೆ ಮತ್ತೊಂದು ದೀರ್ಘ ಪ್ರಯಾಣ ಬೇಕು. ಮೋಲೆಯ ಕೆರೆಯಲ್ಲಿ ಮೂರು ದಿನವೂ ಆನೆಗಳು ಕಂಡರೆ ವಾ ಕಡೆಗೆ ಹೊರಡುವುದು, ಕಾಣದಿದ್ದರೆ ಅಲ್ಲೇ ನಾಲ್ಕನೆಯ ರಾತ್ರಿ ಉಳಿಯುವುದು ಎಂದು ಸದ್ಯಕ್ಕೆ ಪೆನ್ಸಿಲಿನಲ್ಲಿ ಬರೆದಿದ್ದೇನೆ.